ಸೆಲ್ಲಾರಿನ ಗಾಳಿ

ಹೈದರಾಬಾದಿನಲ್ಲಿ ಮನೆ ಮಾಡಿದ್ದೇವೆ ಅಂದರೆ ಊರಿನವರು ಕೇಳುವ ಮೊದಲ ಪ್ರಶ್ನೆ ನೀರಿನದು. ಎರಡನೆಯದು ಬಿಸಿಲಿನದು. ಮೂರನೆಯದು, ಸ್ವಲ್ಪ ದನಿ ತಗ್ಗಿಸಿ ಕೇಳುವುದು, ಅಕ್ಕಪಕ್ಕದವರು ಹೇಗೆ ಎಂಬುದು. ನೀರಿನ ಪ್ರಶ್ನೆಗೆ ಇಲ್ಲಿನ ಕನ್ನಡಿಗರ ಬಳಿ ಸಿದ್ಧ ಉತ್ತರವೊಂದಿದೆ. 1908ರಲ್ಲಿ ಮೂಸಿ ನದಿ ಉಕ್ಕಿ ಅರ್ಧ ಊರು ಕೊಚ್ಚಿಹೋದಾಗ ನಿಜಾಮರು ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಆಮೇಲೆ ಕಟ್ಟಿದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ನೀರು ಕುಡಿದೇ ಈ ಊರು ಬೆಳೆದದ್ದು ಎಂದು ಹೇಳಿ ಎದೆಯುಬ್ಬಿಸುತ್ತೇವೆ. ಗಾಳಿ ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಅದು ರಸ್ತೆಯ ಹೊಗೆ, ಧೂಳಿನ ವಿಚಾರ. ರಾತ್ರಿ ಬಾಗಿಲು ಹಾಕಿಕೊಂಡು ಮಲಗಿದ ಮೇಲೆ ಕೋಣೆಯೊಳಗೆ ಉಳಿಯುವ ಗಾಳಿಯನ್ನು ವಿಚಾರಿಸುವವರು ಯಾರಿದ್ದಾರೆ?

ಆ ಪ್ರಶ್ನೆ ನಮ್ಮ ಮನೆಗೆ ಬಂದದ್ದು ಅಮೆರಿಕದ ದಾರಿಯಿಂದ. ನನ್ನ ಹೆಂಡತಿಯ ಅಣ್ಣನ ಮಗಳು ಪೆನ್ಸಿಲ್ವೇನಿಯಾದಲ್ಲಿ ಮನೆ ಕೊಂಡಳು. ಅಲ್ಲಿ ಮನೆ ಕೊಳ್ಳುವ ಮೊದಲು ಗೆದ್ದಲು ನೋಡಿಸಿದ ಹಾಗೆ, ಸೂರು ನೋಡಿಸಿದ ಹಾಗೆ, ನೆಲಮಾಳಿಗೆಯಲ್ಲಿ ರೇಡಾನ್ ಎಂಬ ಅನಿಲ ಎಷ್ಟಿದೆ ಎಂದೂ ನೋಡಿಸುತ್ತಾರಂತೆ. ನಾವು ಇಲ್ಲಿ ಇ.ಸಿ. ನೋಡುತ್ತೇವೆ, ಲಿಂಕ್ ಡಾಕ್ಯುಮೆಂಟು ನೋಡುತ್ತೇವೆ, ವಾಸ್ತು ನೋಡುತ್ತೇವೆ. ಮಂಜೀರಾ ನೀರು ಬರುತ್ತದೆಯೇ, ಬೋರ್ ಎಷ್ಟು ಅಡಿ ಎಂದು ಕೇಳುತ್ತೇವೆ. ರೇಡಾನ್ ಎಷ್ಟು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ರಜೆಗೆ ಬಂದ ಹುಡುಗಿ ಸೂಟ್‌ಕೇಸಿನಿಂದ ಚಾಕೊಲೇಟು, ಬಾದಾಮಿಯ ಜೊತೆಗೆ ಮೊಬೈಲಿನಷ್ಟು ದೊಡ್ಡದಾದ ಬಿಳಿ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ಮಾವ, ನೀವು ಇರೋದೇ ಬಂಡೆ ಮೇಲೆ. ಒಂದ್ಸಲ ನೋಡಿಬಿಡಿ" ಅಂದಳು.

ಅವಳಿರುವ ರಾಜ್ಯದಲ್ಲೇ ಮನೆಯೊಳಗಿನ ರೇಡಾನ್ ಜನರ ಬಾಯಿಗೆ ಬಿದ್ದದ್ದು. 1984ರ ಡಿಸೆಂಬರಿನಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರು ಲಿಮರಿಕ್ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದಾಗ, ವಿಕಿರಣ ಪತ್ತೆಹಚ್ಚುವ ಬಾಗಿಲು ಅವನನ್ನು ಕಂಡು ಕೂಗಿಕೊಂಡಿತು. ಸ್ಥಾವರದಲ್ಲಿ ವಿದ್ಯುತ್ ತಯಾರಿಕೆ ಇನ್ನೂ ಶುರುವಾಗಿರಲಿಲ್ಲ. ಹೊರಗೆ ಬರುವಾಗ ಕೂಗಿದ್ದರೆ ಒಂದು ಮಾತು. ಮನೆಯಿಂದ ಬಂದು ಒಳಗೆ ಹೋಗುವಾಗಲೂ ಕೂಗಿತು. ಕೊನೆಗೆ ಅವನ ಮನೆಯ ಗಾಳಿಯನ್ನೇ ಅಳೆದರು. ಒಂದು ಘನ ಮೀಟರಿಗೆ ಸುಮಾರು ಒಂದು ಲಕ್ಷ ಬೆಕೆರೆಲ್ ರೇಡಾನ್! ಅಮೆರಿಕದ ಪರಿಸರ ಇಲಾಖೆ ಈಗ 148 ದಾಟಿದರೆ ಮನೆ ರಿಪೇರಿ ಮಾಡಿಸಿ ಅನ್ನುತ್ತದೆ. ಅಣುಸ್ಥಾವರಕ್ಕೆ ಹೆದರಬೇಕಾದ ಮನುಷ್ಯ ಹೆದರಬೇಕಾಗಿ ಬಂದದ್ದು ತನ್ನ ಮಲಗುವ ಕೋಣೆಗೆ.

ಈ ಬೆಕೆರೆಲ್ ಅಂದರೆ ಏನು ಅಂತ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಕಲ್ಲು ಮಣ್ಣಿನಲ್ಲಿ ಎಲ್ಲ ಕಡೆಯೂ ಇಷ್ಟಿಷ್ಟು ಯುರೇನಿಯಂ ಇರುತ್ತದೆ. ಗ್ರಾನೈಟಿನಲ್ಲಿ ಸ್ವಲ್ಪ ಹೆಚ್ಚು, ಟನ್ನಿಗೆ ಕೆಲವು ಗ್ರಾಂ. ಅದು ಬಹಳ ನಿಧಾನವಾಗಿ ಒಡೆಯುತ್ತ ರೇಡಿಯಂ ಆಗುತ್ತದೆ, ರೇಡಿಯಂ ಒಡೆದು ರೇಡಾನ್ ಆಗುತ್ತದೆ. ಇಷ್ಟು ಹೊತ್ತೂ ಕಲ್ಲಾಗಿ ಬಿದ್ದಿದ್ದ ವಸ್ತು ಇಲ್ಲಿಗೆ ಬಂದಾಗ ಅನಿಲವಾಗಿ ಏಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೆಲದ ಬಿರುಕಿನಿಂದ, ಪೈಪಿನ ಸಂದಿನಿಂದ, ಬೋರ್ ನೀರಿನಿಂದ ಮನೆಯೊಳಗೆ ಬರುತ್ತದೆ. ಅದರ ಅರ್ಧಾಯುಷ್ಯ 3.8 ದಿನ. ಒಡೆದಾಗ ಹುಟ್ಟುವ ಪೊಲೋನಿಯಂ ಮುಂತಾದ ಮರಿಗಳು ಘನಪದಾರ್ಥ. ಧೂಳಿಗೆ ಅಂಟಿಕೊಂಡು ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಕೂತು ಆಲ್ಫಾ ಕಣ ಉಗುಳುತ್ತವೆ. ಆಲ್ಫಾ ಕಣವನ್ನು ತಡೆಯಲು ಒಂದು ಹಾಳೆ ಕಾಗದ ಸಾಕು ಎಂದು ಶಾಲೆಯಲ್ಲಿ ಓದಿದ್ದೇವೆ. ಶ್ವಾಸಕೋಶದ ಒಳಗೆ ಕಾಗದ ಹಿಡಿಯುವವರು ಯಾರು? ಒಂದು ಸೆಕೆಂಡಿಗೆ ಒಂದು ಪರಮಾಣು ಹೀಗೆ ಒಡೆದರೆ ಅದು ಒಂದು ಬೆಕೆರೆಲ್. ಜಗತ್ತಿನ ಮನೆಗಳ ಸರಾಸರಿ, ಒಂದು ಘನ ಮೀಟರಿಗೆ 40ರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ 100ರ ಒಳಗಿರಲಿ, ಆಗದಿದ್ದರೆ 300 ಅಂತೂ ದಾಟದಿರಲಿ ಎಂದಿತು. ಸಿಗರೇಟಿನ ಹೊಗೆಯನ್ನು ಇಟ್ಟಿರುವ ಪಟ್ಟಿಯಲ್ಲೇ, ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎಂಬ ವರ್ಗದಲ್ಲಿ, ರೇಡಾನನ್ನು 1988ರಲ್ಲೇ ಸೇರಿಸಿದ್ದಾರೆ.

ಹೈದರಾಬಾದಿಗೆ ಬಂದವರಿಗೆ ಬಂಡೆಯ ವಿಚಾರ ಹೇಳಬೇಕಿಲ್ಲ. ಗೋಲ್ಕೊಂಡ ಕೂತಿರುವುದು ಬಂಡೆಯ ಮೇಲೆ. ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್ ಎಂದು ಹೆಸರು ಹೇಳಿ ಬಾಡಿಗೆ ಏರಿಸುವುದೂ ಬಂಡೆಯ ಮೇಲೇ. ಸುಮಾರು 250 ಕೋಟಿ ವರ್ಷದ ಈ ಗ್ರಾನೈಟನ್ನು ಉಳಿಸಿಕೊಳ್ಳಲು ಇಲ್ಲಿನ ಕೆಲವರು 1996ರಲ್ಲಿ ಒಂದು ಸಂಘವನ್ನೇ ಕಟ್ಟಿದರು. ನಾವಿರುವ ಮಣಿಕೊಂಡದ ಕಡೆ ಇನ್ನೂ ಅಲ್ಲಲ್ಲಿ ಒಂದರ ಮೇಲೊಂದು ಕೂತ ಗುಂಡುಗಳು ಕಾಣುತ್ತವೆ. ಉಳಿದವನ್ನು ಒಡೆದು ಸೆಲ್ಲಾರ್ ತೋಡಿ, ಅದರ ಮೇಲೆ ಐದು ಮಹಡಿ ಏರಿಸಿದ್ದಾರೆ. ಸೆಲ್ಲಾರ್ ಅಂದರೆ ಇಲ್ಲಿ ಕಾರು ನಿಲ್ಲಿಸುವ ನೆಲದಡಿಯ ಜಾಗ.

ಊರಿಂದ ಬಂದ ನೆಂಟರೊಬ್ಬರು ಒಮ್ಮೆ ಆತಂಕದಿಂದ ಕೇಳಿದ್ದರು: "ಅಣು ಇಂಧನ ಮಾಡೋ ಕಾರ್ಖಾನೆ ನಿಮ್ಮೂರಲ್ಲೇ ಇದೆಯಂತಲ್ಲ, ಇಲ್ಲಿ ಇರೋದು ಸೇಫಾ?" ಇದೆ. ಜಾದುಗುಡದ ಯುರೇನಿಯಂ ರೈಲು ಹತ್ತಿ ಬರುವುದು ಇಲ್ಲಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸಿಗೆ. ದೇಶದಲ್ಲಿ ಯುರೇನಿಯಂ ಎಲ್ಲಿದೆ ಎಂದು ಹುಡುಕುವ ಇಲಾಖೆಯ ಮುಖ್ಯ ಕಚೇರಿ ಬೇಗಂಪೇಟೆಯಲ್ಲಿದೆ. ಆ ಇಲಾಖೆಯವರು ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯವರೆಗೂ ಹೋಗಿ ಹುಡುಕಿದ್ದಾರೆ. ಆದರೆ ಕಾರ್ಖಾನೆಗೆ ಗೋಡೆ ಇದೆ, ಕಾವಲಿದೆ, ಅಳೆಯುವವರಿದ್ದಾರೆ. ಮನೆಗೆ ಅದ್ಯಾವುದೂ ಇಲ್ಲ. ಅಳತೆ ನಡೆದೇ ಇಲ್ಲವೆಂದಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯದ ಭೌತಶಾಸ್ತ್ರದವರು ಹೈದರಾಬಾದಿನ ಮನೆಗಳಲ್ಲಿ ಪುಟ್ಟ ಡಬ್ಬಿಗಳನ್ನು ತೂಗುಹಾಕಿ ನೋಡಿದ್ದಾರೆ. ಡಬ್ಬಿಯೊಳಗೆ ಒಂದು ತುಂಡು ಫಿಲ್ಮು. ಮೂರು ತಿಂಗಳು ತೂಗುಬಿಟ್ಟು, ಆಮೇಲೆ ಕಾಸ್ಟಿಕ್ ಸೋಡಾದಲ್ಲಿ ತೊಳೆದರೆ ಆಲ್ಫಾ ಕಣ ಬಡಿದ ಕಡೆಯೆಲ್ಲ ಸೂಜಿಮೊನೆಯಂಥ ತೂತು ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳಲ್ಲೂ ದಶಕಗಳಿಂದ ಇಂಥ ಕೆಲಸ ನಡೆದಿದೆ. ಬೆಂಗಳೂರಿನ ಬೋರ್ ನೀರಿನ ರೇಡಾನನ್ನೂ ಅಳೆದಿದ್ದಾರೆ. ಅದಕ್ಕೇ ಊರಿನಲ್ಲಿ ಕೂತು ಇದನ್ನು ಓದುತ್ತಿರುವವರು, ಪಾಪ ಹೈದರಾಬಾದಿನವರು ಎಂದುಕೊಳ್ಳಬೇಡಿ. ನಿಮ್ಮ ಕಾಲಡಿ ಇರುವುದೂ ಇದೇ ವಂಶದ ಕಲ್ಲು. ನಮ್ಮನ್ನು ಕಾಪಾಡಿರುವುದು ಸೆಕೆ. ಸೆಕೆಗೆ ಕಿಟಕಿ ತೆಗೆಯುತ್ತೇವೆ, ರೇಡಾನ್ ಹೊರಗೆ ಹೋಗುತ್ತದೆ. ಏಸಿ ಹಾಕಿಸಿ ಕಿಟಕಿ ಮುಚ್ಚಿದ ಮೇಲೆ ಈ ರಕ್ಷಣೆ ಎಷ್ಟು ದಿನವೋ.

ನಮ್ಮದು ಮೂರನೆಯ ಮಹಡಿ. ಡಬ್ಬಿಯನ್ನು ಮಲಗುವ ಕೋಣೆಯಲ್ಲಿ ಎರಡು ವಾರ ಇಟ್ಟೆವು. ಇಪ್ಪತ್ತು, ಇಪ್ಪತ್ತೈದು, ಒಮ್ಮೆ ಮೂವತ್ತು. ರೇಡಾನ್ ಮುಖ್ಯವಾಗಿ ನೆಲದಿಂದ ಬರುವುದರಿಂದ ಮೇಲಿನ ಮಹಡಿಗಳಿಗೆ ಹೆಚ್ಚು ತಲುಪುವುದಿಲ್ಲ. ಹೆಂಡತಿ ದೇವರ ಮುಂದೆ ದೀಪ ಹಚ್ಚಿದಳು. ವಿಷಯ ಅಲ್ಲಿಗೇ ಮುಗಿಯಬಹುದಿತ್ತು.

ಮುಗಿಯಲಿಲ್ಲ, ಏಕೆಂದರೆ ನಮ್ಮ ಕಟ್ಟಡದಲ್ಲಿ ನೆಲಕ್ಕಿಂತ ಕೆಳಗೆ ಮಲಗುವ ನಾಲ್ಕು ಜನ ಇದ್ದಾರೆ. ವಾಚ್‌ಮನ್, ಅವನ ಹೆಂಡತಿ, ಇಬ್ಬರು ಮಕ್ಕಳು. ಶಹಾಪುರದ ಕಡೆಯವರು. ಹೈದರಾಬಾದಿನ ಕನ್ನಡಿಗರು ಅಂದರೆ ನಿಮಗೆ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ನೆನಪಾಗಬಹುದು, ನೃಪತುಂಗ ಶಾಲೆ ನೆನಪಾಗಬಹುದು, ಈಚಿನ ಸಾಫ್ಟ್‌ವೇರಿನವರು ನೆನಪಾಗಬಹುದು. ಕಲಬುರ್ಗಿ, ಯಾದಗಿರಿ, ರಾಯಚೂರಿನಿಂದ ಬಂದು ಕಟ್ಟಡಗಳಿಗೆ ಸಿಮೆಂಟು ಹೊತ್ತು, ಅದೇ ಕಟ್ಟಡಗಳ ಸೆಲ್ಲಾರಿನಲ್ಲಿ ಕಾವಲಿಗೆ ಉಳಿದವರು ಯಾವ ರಾಜ್ಯೋತ್ಸವದ ಫೋಟೋದಲ್ಲೂ ಬರುವುದಿಲ್ಲ. 1956ರವರೆಗೆ ಅವರ ಜಿಲ್ಲೆಗಳಿಗೆ ಇದೇ ರಾಜಧಾನಿ. ಆ ಲೆಕ್ಕದಲ್ಲಿ ಪರಊರಿನವನು ನಾನು, ಅವನಲ್ಲ. ಬಾಡಿಗೆ ಕೊಟ್ಟು ಮೇಲೆ ಮಲಗುವವನು ನಾನು, ಅಷ್ಟೆ.

ಅವರ ಕೋಣೆ ಸೆಲ್ಲಾರಿನ ಮೂಲೆಯಲ್ಲಿ, ನೀರಿನ ಸಂಪಿನ ಪಕ್ಕ. ಹತ್ತಡಿಗೆ ಎಂಟಡಿ ಇದ್ದೀತು. ಹಿಂದಿನ ಗೋಡೆ ಅಂದರೆ ಬಂಡೆಗೆ ಆನಿಸಿ ಕಟ್ಟಿದ ಗೋಡೆ. ಮೇಲೆ ಒಂದು ವೆಂಟಿಲೇಟರು ಇದೆ, ಅದಕ್ಕೆ ರಟ್ಟು ಬಡಿದಿದ್ದಾರೆ. ಡಬ್ಬಿ ಹಿಡಿದುಕೊಂಡು ನಾನು ಇಳಿದಾಗ ಅವನ ಮೊದಲ ಪ್ರಶ್ನೆ: "ಏನ್ರೀ ಸಾಹೇಬ್ರ ಇದು, ಕ್ಯಾಮೆರಾ ಏನು?"

"ಕ್ಯಾಮೆರಾ ಅಲ್ಲಪ್ಪ, ಗಾಳಿ ನೋಡೋದು."

"ಗಾಳಿ ಏನ್ ನೋಡ್ತದ್ರೀ, ಇಲ್ಲಿ ಗಾಳೀನೇ ಇಲ್ಲ."

ಏನು, ಯಾಕೆ ಎಂದು ವಿವರಿಸಿದೆ. ಇಡ್ರೀ ಅಂದ. ಈ 'ಇಡ್ರೀ' ಎಂಬ ಒಪ್ಪಿಗೆಯ ತೂಕ ಎಷ್ಟು ಎಂದು ನಾನು ಆಮೇಲೆಯೂ ಯೋಚಿಸಿದ್ದೇನೆ. ಮೂರನೆಯ ಮಹಡಿಯವರು ಕೈಯಲ್ಲಿ ಏನೋ ಹಿಡಿದುಕೊಂಡು ಬಂದು ಇಡಲೇ ಎಂದರೆ ಬೇಡ ಅನ್ನಲು ವಾಚ್‌ಮನ್‌ಗೆ ಎಷ್ಟು ಜಾಗ ಇದೆ? ಒಪ್ಪಿಗೆ ಪಡೆದೆ ಎಂದು ನಾನು ಹೇಳಬಹುದು, ಅದು ಸುಳ್ಳಲ್ಲ. ಆದರೆ ಆಸ್ಪತ್ರೆಯಲ್ಲಿ ನಾವು ಓದದೆ ಸಹಿ ಹಾಕುವ ಕಾಗದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಒಂದು ತಿಂಗಳು ಇಟ್ಟೆವು. ಹಗಲು ಬಾಗಿಲು ತೆರೆದಿದ್ದಾಗ ಅರವತ್ತು, ಎಪ್ಪತ್ತು. ರಾತ್ರಿ ಬಾಗಿಲು ಹಾಕಿದ ಮೇಲೆ ಏರುತ್ತ ಏರುತ್ತ ಬೆಳಗಿನ ಹೊತ್ತಿಗೆ ಮುನ್ನೂರರ ಹತ್ತಿರ. ಮಲಗುವ ಗಂಟೆಗಳನ್ನಷ್ಟೇ ತೆಗೆದುಕೊಂಡರೆ ಇನ್ನೂರರ ಮೇಲೆ. ಒಂದು ಸಣ್ಣ ಯಂತ್ರ, ಒಂದು ಕೋಣೆ, ಒಂದು ತಿಂಗಳು. ಇದರಿಂದ ಹೈದರಾಬಾದಿನ ಸೆಲ್ಲಾರುಗಳೆಲ್ಲ ಹೀಗೆ ಎಂದು ಯಾರೂ ತೀರ್ಮಾನಿಸಬಾರದು. ಪಕ್ಕದ ಕಟ್ಟಡದ್ದೇ ಬೇರೆ ಇರಬಹುದು. ಆದರೆ ನನ್ನ ಕೈಗೆ ಒಂದು ಸಂಖ್ಯೆ ಬಂದಿತ್ತು. ಅದು ನನ್ನ ಉಸಿರಿನದಲ್ಲ, ಇನ್ನೊಬ್ಬರದು. ಇಂಥ ಸಂಖ್ಯೆಯನ್ನು ಇಟ್ಟುಕೊಂಡು ಏನು ಮಾಡಬೇಕು?

ಹೇಳಬೇಕು ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡೆ. ಎದುರುಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಮಾತ್ರ ಒಪ್ಪಲಿಲ್ಲ. "ನಿಮಗೆ ಊರ ಉಸಾಬರಿ ಯಾಕೆ? ಪಾಪ, ಅವನು ನೆಮ್ಮದಿಯಾಗಿದ್ದಾನೆ. ನಿಮ್ಮ ನಂಬರು ಹೇಳಿ ಹೆದರಿಸ್ತೀರಿ. ಹೆದರಿ ಎಲ್ಲಿಗೆ ಹೋಗ್ತಾನೆ? ಅಷ್ಟಕ್ಕೂ ದಿನಕ್ಕೊಂದು ಕಟ್ಟು ಬೀಡಿ ಸೇದೋನಿಗೆ ನಿಮ್ಮ ರೇಡಾನ್ ಯಾವ ಲೆಕ್ಕ?"

ಇದರಲ್ಲಿ ಎರಡು ವಾದಗಳಿವೆ. ಬೀಡಿಯದನ್ನು ಮೊದಲು ನೋಡೋಣ. 2005ರಲ್ಲಿ ಸಾರಾ ಡಾರ್ಬಿ ಮತ್ತು ಸಂಗಡಿಗರು ಯುರೋಪಿನ ಒಂಬತ್ತು ದೇಶಗಳ 13 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಪ್ರತಿ 100 ಬೆಕೆರೆಲ್ ಹೆಚ್ಚಿದಂತೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು ಶೇಕಡಾ 16 ಏರುತ್ತದೆ. ಯಾವತ್ತೂ ಸೇದದ ಸಾವಿರ ಜನರಲ್ಲಿ 75 ವರ್ಷದೊಳಗೆ ಈ ಕ್ಯಾನ್ಸರ್ ಬರುವವರು, ರೇಡಾನ್ ಇಲ್ಲದಿದ್ದರೆ ಸುಮಾರು ನಾಲ್ವರು, 100 ಬೆಕೆರೆಲ್ ಇದ್ದರೆ ಐವರು, 400 ಇದ್ದರೆ ಏಳು ಜನ. ಸಿಗರೇಟು ಸೇದುವ ಸಾವಿರ ಜನರಲ್ಲಿ ಇದೇ ಲೆಕ್ಕ ಸುಮಾರು 100, 120, 160. ಲೆಕ್ಕ ಸಿಗರೇಟಿನದು, ಬೀಡಿಯದಲ್ಲ. ಬೀಡಿ ಅದಕ್ಕಿಂತ ಸೌಮ್ಯ ಎಂದು ನಂಬಲು ಕಾರಣ ಕಾಣೆ. ಅಂದರೆ ಸೇದುವವನಿಗೆ ರೇಡಾನ್ ಯಾವ ಲೆಕ್ಕ ಎಂಬ ಮಾತು ತಲೆಕೆಳಗು. ಅವನಿಗೇ ಅದು ಹೆಚ್ಚಿನ ಲೆಕ್ಕ. ಜೊತೆಗೆ ಆ ಕೋಣೆಯಲ್ಲಿ ಬೀಡಿ ಸೇದದವರು ಮೂವರಿದ್ದಾರೆ.

ಇನ್ನೊಂದು ವಾದ ಹೆಚ್ಚು ಗಟ್ಟಿ. ಹೆದರಿ ಎಲ್ಲಿಗೆ ಹೋಗುತ್ತಾನೆ? ನಾನು ಹೇಳಿದರೆ ನನ್ನ ಎದೆಯ ಭಾರ ಇಳಿಯುತ್ತದೆ, ಅದು ಅವನ ಎದೆಗೆ ಏರುತ್ತದೆ. ಅವನ ಗಾಳಿ ಹಾಗೇ ಇರುತ್ತದೆ. ತಿಳಿಸಿದ್ದೇವೆ ಎಂದು ಹೇಳಿ ಕೈ ತೊಳೆದುಕೊಳ್ಳುವುದು ನಮ್ಮ ಕಾಲದ ದೊಡ್ಡ ಚಾಳಿ. ಸಿಗರೇಟು ಪೊಟ್ಟಣದ ಮೇಲೆ ಚಿತ್ರ ಹಾಕಿ ಕಂಪನಿ ಕೈ ತೊಳೆಯುತ್ತದೆ. 'ಎಚ್ಚರಿಕೆ, ಆಳವಾದ ಗುಂಡಿ' ಎಂದು ಬೋರ್ಡು ನೆಟ್ಟು ಗುತ್ತಿಗೆದಾರ ಕೈ ತೊಳೆಯುತ್ತಾನೆ. ಗುಂಡಿ ಹಾಗೇ ಇರುತ್ತದೆ. ಪೆನ್ಸಿಲ್ವೇನಿಯಾದ ಹುಡುಗಿಗೆ ಸಂಖ್ಯೆ ಗೊತ್ತಾದರೆ ಅದರಿಂದ ಅವಳಿಗೆ ಶಕ್ತಿ ಬರುತ್ತದೆ: ಮಾರುವವನ ಹತ್ತಿರ ಚೌಕಾಶಿ ಮಾಡಬಹುದು, ನೆಲದಡಿ ಪೈಪು ಇಳಿಸಿ ಫ್ಯಾನು ಕೂರಿಸಿ ಅನಿಲವನ್ನು ಮಾಡಿನ ಮೇಲಕ್ಕೆ ಕಳಿಸಬಹುದು, ಏನೂ ಬೇಡವೆಂದರೆ ಮನೆಯನ್ನೇ ಬಿಡಬಹುದು. ಅದೇ ಸಂಖ್ಯೆ ಸೆಲ್ಲಾರಿಗೆ ಇಳಿದಾಗ ಬರಿಯ ಭಯ.

ಹಾಗೆಂದು ಹೇಳದೆ ಇರುವುದು ಸರಿಯೇ? ಅದೂ ನನಗೆ ಒಗ್ಗಲಿಲ್ಲ. 'ಪಾಪ, ಅವನಿಗ್ಯಾಕೆ' ಎನ್ನುವ ಕರುಣೆಯೊಳಗೆ ತಾತ್ಸಾರ ಇರುತ್ತದೆ. ನಮ್ಮ ಹಿರಿಯರಿಗೆ ಡಾಕ್ಟರು ಹೇಳಿದ ಕಾಯಿಲೆಯ ಹೆಸರನ್ನು ಮುಚ್ಚಿಡುತ್ತೇವಲ್ಲ, ಅಲ್ಲಿ ಪ್ರೀತಿಯಾದರೂ ಇರುತ್ತದೆ. ಇಲ್ಲಿ ಅನುಕೂಲವೇ ಹೆಚ್ಚು. ಅವನಿಗೆ ಗೊತ್ತಾದರೆ ಕೇಳುತ್ತಾನೆ, ಕೇಳಿದರೆ ನಾವು ಕೊಡಬೇಕಾಗುತ್ತದೆ.

ಗಾಳಿಯಲ್ಲಿ ಇಂಥದೊಂದು ಇದೆ ಎಂದು ಮನುಷ್ಯರಿಗೆ ಗೊತ್ತಾದ ಬಗೆಯೂ ನೆನಪಿಡುವಂಥದು. ಜರ್ಮನಿಯ ಶ್ನೀಬರ್ಗ್ ಗಣಿಗಳಲ್ಲಿ ಶತಮಾನಗಳ ಕಾಲ ಕೆಲಸಗಾರರು ಎದೆಯ ಕಾಯಿಲೆಯಿಂದ ಸಾಯುತ್ತಿದ್ದರು. ಅದಕ್ಕೆ ಬೆಟ್ಟದ ಕಾಯಿಲೆ ಎಂದೇ ಹೆಸರು. 1879ರಲ್ಲಿ ಹಾರ್ಟಿಂಗ್ ಮತ್ತು ಹೆಸ್ಸೆ ಎಂಬಿಬ್ಬರು ವೈದ್ಯರು ಅದು ಶ್ವಾಸಕೋಶದ ಗಡ್ಡೆ ಎಂದು ತೋರಿಸಿದರು. ಆಗ ರೇಡಾನ್ ಎಂಬ ಹೆಸರೇ ಇರಲಿಲ್ಲ. ಡಾರ್ನ್ ಅದನ್ನು ಗುರುತಿಸಿದ್ದು 1900ರಲ್ಲಿ. ಆಮೇಲೆ ಅಮೆರಿಕದ ಯುರೇನಿಯಂ ಗಣಿಗಳಲ್ಲಿ ನವಾಹೊ ಜನ ದುಡಿದು ಸತ್ತರು. ಪರಿಹಾರದ ಕಾಯಿದೆ ಬಂದದ್ದು 1990ರಲ್ಲಿ. ಮನೆಯ ರೇಡಾನ್ ಎಷ್ಟು ಅಪಾಯ ಎಂದು ಮೊದಲು ಅಂದಾಜು ಮಾಡಿದ್ದು ಈ ಗಣಿಗಾರರ ಸಾವುಗಳನ್ನು ಎಣಿಸಿಯೇ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಸಿಲಿಕೋಸಿಸ್ ಬಂದು ಕೆಮ್ಮುತ್ತ ಸತ್ತವರ ಕತೆ ಗೊತ್ತಿರುವವರಿಗೆ ಇದು ಹೊಸದಲ್ಲ. ಕೆಳಗಿಳಿದವನ ಪುಪ್ಪುಸದಿಂದ ತಿಳಿದುಕೊಂಡದ್ದನ್ನು ಮೇಲಿರುವವನು ತನ್ನ ಮಲಗುವ ಕೋಣೆಗೆ ಬಳಸಿಕೊಂಡಿದ್ದಾನೆ. ನನ್ನ ಬಿಳಿ ಡಬ್ಬಿಯೂ ಆ ಸಾಲದಲ್ಲೇ ಇದೆ.

ಹೇಳಿದೆವು. ನಾನು ಅವನಿಗೆ, ನನ್ನ ಹೆಂಡತಿ ಅವನ ಹೆಂಡತಿಗೆ. ಹೆದರಿಕೆಯ ಮಾತಿಗಿಂತ ವೆಂಟಿಲೇಟರಿನ ರಟ್ಟು ತೆಗೆಯುವ ಮಾತೇ ಹೆಚ್ಚಾಯಿತು. ಆ ತಾಯಿ ಕೇಳಿಸಿಕೊಂಡು ಹೇಳಿದ್ದು: "ಸೊಳ್ಳಿ ಇವತ್ತೇ ಕಡಿತಾವ್ರೀ ಅಮ್ಮಾರೆ. ಹ್ವಾದ ವರ್ಷ ಸಣ್ಣಾಕಿಗಿ ಡೆಂಗಿ ಬಂದಿತ್ತು. ನೀವ್ ಹೇಳೋದು ಮುಂದ ಯಾವಾಗೋ." ರಾತ್ರಿ ಬಾಗಿಲು ತೆರೆದಿಡುವ ಮಾತಂತೂ ಎತ್ತುವ ಹಾಗಿರಲಿಲ್ಲ. ನಡುರಾತ್ರಿ ಕಾರು ನಿಲ್ಲಿಸಲು ಬರುವವರ ಮುಂದೆ ಹೆಣ್ಣುಮಗಳು ಬಾಗಿಲು ತೆರೆದು ಮಲಗುತ್ತಾಳೆಯೇ? ಅವಳ ಲೆಕ್ಕ ತಪ್ಪಲ್ಲ. ಈ ಮಳೆಗಾಲದ ಡೆಂಗಿ ಒಂದು ಕಡೆ, ಇನ್ನು ಮೂವತ್ತು ವರ್ಷಕ್ಕೆ ಸಾವಿರದಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ಕ್ಯಾನ್ಸರ್ ಇನ್ನೊಂದು ಕಡೆ. ಯಾವ ತಾಯಿಯೂ ಅವಳು ಮುಚ್ಚಿದ ಹಾಗೇ ರಟ್ಟು ಮುಚ್ಚುತ್ತಾಳೆ.

ಅಲ್ಲದೆ ಅವರು ಆ ಕೋಣೆಯಲ್ಲಿ ಮೂವತ್ತು ವರ್ಷ ಇರುವುದಿಲ್ಲ ಎಂಬುದೂ ನಿಜ. ಎರಡು ವರ್ಷ, ಮೂರು ವರ್ಷ. ಬ್ಯಾಂಕಿನ ಹಿರಿಯರು ಇದನ್ನೂ ಎತ್ತಿದರು. ಅಷ್ಟು ಕಡಿಮೆ ಅವಧಿಯಲ್ಲಿ ಒಬ್ಬೊಬ್ಬರಿಗೆ ಆಗುವ ಅಪಾಯ ಲೆಕ್ಕಕ್ಕೆ ಸಿಗದಷ್ಟು ಸಣ್ಣದು ಎಂದರು. ಇದಕ್ಕೆ ಉತ್ತರ ಹುಡುಕುತ್ತಿದ್ದಾಗ ನನಗೆ ಹೊಳೆದದ್ದು, ನಾವು ತಪ್ಪು ಕಡೆಯಿಂದ ಎಣಿಸುತ್ತಿದ್ದೇವೆ ಎಂದು. ಅಪಾಯ ಇರುವುದು ವಾಚ್‌ಮನ್ನಿನಲ್ಲಿ ಅಲ್ಲ, ಕೋಣೆಯಲ್ಲಿ. ಅವನು ಹೋದರೆ ಇನ್ನೊಬ್ಬ ಬರುತ್ತಾನೆ, ನಾರಾಯಣಪೇಟೆಯವನೋ ಮಹಬೂಬ್‌ನಗರದವನೋ. ಅವನ ಹೆಂಡತಿಯೂ ರಟ್ಟು ಬಡಿಯುತ್ತಾಳೆ. ಕೋಣೆ ಎಂದೂ ಖಾಲಿ ಇರುವುದಿಲ್ಲ. ಯುರೇನಿಯಂನ ಅರ್ಧಾಯುಷ್ಯ ಸುಮಾರು 450 ಕೋಟಿ ವರ್ಷ, ಹಿಂದಿನ ಗೋಡೆಯ ಬಂಡೆ ದಣಿಯುವುದಿಲ್ಲ. ಬಂದುಹೋಗುವವರ ಆಯುಷ್ಯದಿಂದ ಚೂರು ಚೂರು ತೆಗೆದುಕೊಂಡು ಆ ಕೋಣೆ ತನ್ನ ಲೆಕ್ಕ ಪೂರೈಸಿಕೊಳ್ಳುತ್ತದೆ; ಯಾರಿಂದಲೂ ಎದ್ದುಕಾಣುವಷ್ಟು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಯಾರೂ ದೂರು ಕೊಡುವುದಿಲ್ಲ. ವಲಸೆ ಬಂದವರ ಬಾಳಿನ ಎಷ್ಟೋ ಕಷ್ಟಗಳು ಹೀಗೇ ಇವೆ. ಮನುಷ್ಯರನ್ನು ಎಣಿಸಿದರೆ ಕಾಣುವುದಿಲ್ಲ, ಜಾಗಗಳನ್ನು ಎಣಿಸಿದರೆ ಕಾಣುತ್ತವೆ.

ಹಾಗಾದರೆ ಹೊಣೆಯೂ ಕೋಣೆಯ ಜೊತೆಗೇ ಇರುತ್ತದೆ, ಅಂದರೆ ಕೋಣೆ ಯಾರದೋ ಅವರದು. ಗೊತ್ತಾದ ಸಂಖ್ಯೆಯಿಂದ ಕಟ್ಟುಬೀಳಬೇಕಾದವರು ಗೋಡೆಗೆ ತೂತು ಹೊಡೆಸುವ ಅಧಿಕಾರ ಇರುವವರು, ಉಸಿರಾಡುವವರಲ್ಲ. ನನಗೆ ಆ ಅಧಿಕಾರ ಇರಲಿಲ್ಲ. ನಾನು ಬಾಡಿಗೆದಾರ, ಅಸೋಸಿಯೇಷನ್ನಿನಲ್ಲಿ ನಮಗೆ ಮಾತಿದೆ, ಓಟಿಲ್ಲ. ನಾಳೆ ಬಿಟ್ಟುಹೋಗುವವರಿಗೆ ಯಾಕೆ ಎಂಬ ಮಾತನ್ನು ಪರಊರಿನಲ್ಲಿ ಇರುವವರು ಬೇರೆಯವರಿಂದ ಕೇಳುವ ಮೊದಲು ತಮಗೆ ತಾವೇ ಹೇಳಿಕೊಂಡಿರುತ್ತೇವೆ. ಚರಂಡಿ ಕಟ್ಟಿಕೊಂಡರೂ, ಬೀದಿದೀಪ ಕೆಟ್ಟರೂ ಅದೇ. ಇಪ್ಪತ್ತು ವರ್ಷ ಬಾಡಿಗೆ ಮನೆಗಳಲ್ಲಿದ್ದು ನಾಳೆ ಹೋಗುವವರಾಗಿಯೇ ಉಳಿದುಬಿಡುತ್ತೇವೆ.

ಮೀಟಿಂಗಿನಲ್ಲಿ ಮಾತಾಡಿದೆ. ನನ್ನ ತೆಲುಗು ಇಂಥ ವಿಷಯಕ್ಕೆ ಸಾಲುವುದಿಲ್ಲ, ಅರ್ಧ ಇಂಗ್ಲಿಷಿನಲ್ಲೇ ಹೇಳಿದೆ. ನಿರೀಕ್ಷಿಸಿದ ಮಾತುಗಳೆಲ್ಲ ಬಂದವು. ಹೊರಗೆ ಗೊತ್ತಾದರೆ ಫ್ಲ್ಯಾಟಿನ ರೇಟು ಬೀಳುತ್ತದೆ. ಇವತ್ತು ಫ್ಯಾನು ಹಾಕಿದರೆ ನಾಳೆ ಏಸಿ ಕೇಳುತ್ತಾನೆ. ಯಂತ್ರ ಸರಿ ಇದೆಯೇ, ಐ.ಎಸ್.ಐ. ಮಾರ್ಕು ಇದೆಯೇ. ಕೊನೆಗೆ ಎರಡನೆಯ ಮಹಡಿಯ ಹೆಂಗಸೊಬ್ಬರು, ತಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವಳ ಮಕ್ಕಳ ವಿಷಯ ಇದು, ಇಪ್ಪತ್ತು ಫ್ಲ್ಯಾಟಿಗೆ ಹಂಚಿದರೆ ಒಂದು ಬಿರಿಯಾನಿಯ ದುಡ್ಡು ಅಂದರು. ಇವರು ಬೆಕೆರೆಲ್ಲಿನ ಗೋಜಿಗೇ ಹೋಗಲಿಲ್ಲ. ನನ್ನ ಅಂಕಿ ಅಂಶಗಳಿಂದ ಆಗದ್ದು ಅದರಿಂದ ಆಯಿತು.

ಕೆಲಸಕ್ಕಿಳಿದಾಗ ಒಂದು ವಿಚಿತ್ರ ಗೊತ್ತಾಯಿತು. ಎಲೆಕ್ಟ್ರಿಷಿಯನ್ನು ಅಡುಗೆಮನೆಗೆ ಹಾಕುವಂಥ ಎಕ್ಸಾಸ್ಟ್ ಫ್ಯಾನು ತಂದಿದ್ದ. ಫೋನಿನಲ್ಲಿ ಹುಡುಗಿ ಬೇಡ ಬೇಡ ಎಂದಳು. ಒಳಗಿನ ಗಾಳಿಯನ್ನು ಎಳೆದು ಹೊರಹಾಕಿದರೆ ಮುಚ್ಚಿದ ಕೋಣೆಯಲ್ಲಿ ಒತ್ತಡ ಇಳಿದು ನೆಲದ ಬಿರುಕಿನಿಂದ ಇನ್ನಷ್ಟು ರೇಡಾನ್ ಹೀರಿಕೊಂಡು ಬರುತ್ತದಂತೆ. ಹೊರಗಿನ ಗಾಳಿಯನ್ನು ಒಳಗೆ ತಳ್ಳಬೇಕು, ನೆಲದ ಬಿರುಕು ಮುಚ್ಚಬೇಕು. ವೆಂಟಿಲೇಟರಿನ ರಟ್ಟು ಕಿತ್ತು ಸೊಳ್ಳೆಜಾಲರಿ ಬಡಿದು, ಅದರ ಅರ್ಧಕ್ಕೆ ಫ್ಯಾನನ್ನು ತಿರುಗಿಸಿ ಕೂರಿಸಿದರು. ಬಾಗಿಲಿಗೆ ಕೆಳಗೆ ಒಂದು ಜಾಲರಿ. ಬಿರುಕಿಗೆ ಸಿಮೆಂಟು ಮೆತ್ತಿದ್ದು ವಾಚ್‌ಮನ್ನೇ. ಅವನಿಗೆ ಬರುವ ಕೆಲಸ. ಮತ್ತೆ ಡಬ್ಬಿ ಇಟ್ಟಾಗ ಬೆಳಗಿನ ಜಾವವೂ ನೂರು ದಾಟಲಿಲ್ಲ. ಫ್ಯಾನು ಯಾರ ಮೀಟರಿಗೆ ಎಂದು ವಾರ ಚರ್ಚೆಯಾಗಿ ಕಾಮನ್ ಮೀಟರಿಗೆ ಸೇರಿತು.

ಮೊನ್ನೆ ರಾತ್ರಿ ಊಟ ಮುಗಿಸಿ ಕೆಳಗಿಳಿದಾಗ ಫ್ಯಾನು ನಿಂತಿತ್ತು. ಕೆಟ್ಟಿತೇನೋ ಎಂದು ಕೇಳಿದೆ.

"ಕೆಟ್ಟಿಲ್ರೀ ಸಾಹೇಬ್ರ, ನಾನೇ ಬಂದ್ ಮಾಡೀನಿ. ಅದರ ಸಪ್ಪಳಕ್ಕ ಗೇಟಿನ್ಯಾಗ ಹಾರ್ನ್ ಹೊಡದ್ರ ಕೇಳ್ಸಂಗಿಲ್ರೀ. ನಾಲ್ಕನೇ ಫ್ಲೋರಿನವ್ರು ಬೈದ್ರು."

ಕೋಣೆಯೊಳಗೆ ಬಡಿಯುವಂತೆ ಗೇಟಿಗೊಂದು ಬೆಲ್ ಹಾಕಿಸಿದರೆ ಆಗುತ್ತದೆ. ಸೆಕ್ರೆಟರಿಯವರಿಗೆ ಹೇಳಿದ್ದೇನೆ. ಮುಂದಿನ ಭಾನುವಾರದ ಮೀಟಿಂಗಿನಲ್ಲಿ ಲಿಫ್ಟಿನ ಎ.ಎಂ.ಸಿ. ಆದ ಮೇಲೆ ಅದನ್ನು ತೆಗೆದುಕೊಳ್ಳುತ್ತಾರಂತೆ.